ಕಾಡವ್ವನ ಖಾನಾವಳಿ, ರಾಮಲಿಂಗಪ್ಪನ ಆಮೆ

ಬೈಲಹೊಂಗಲದ ನಮ್ಮ ಪೇಟೆಯಲ್ಲಿ ಸಿಟ್ಟಿಗೆ ಬರವಿಲ್ಲ. ಆದರೆ ಹೆಚ್ಚಿನದು ಕಲಬೆರಕೆ ಮಾಲು. ಗಿರಾಕಿಯ ಮೇಲೆ ಬಂದದ್ದನ್ನು ಹೆಂಡತಿಗೆ, ಹೆಂಡತಿಯ ಮೇಲೆ ಬಂದದ್ದನ್ನು ಹಮಾಲನಿಗೆ ಸಾಗಹಾಕುವವರೇ ಇಲ್ಲಿ ಬಹಳ. ಕಾಡವ್ವನ ಸಿಟ್ಟು ಹಾಗಲ್ಲ. ಯಾರ ಹೆಸರಿಗೆ ಬಂದಿತೋ ಅವರಿಗೇ ಮುಟ್ಟುತ್ತದೆ, ತೂಕದಲ್ಲಿ ಒಂದು ಗುಂಜಿಯೂ ಕಡಿಮೆಯಿಲ್ಲದೆ. ನನ್ನ ಕಿರಾಣಿ ಅಂಗಡಿಯ ಎದುರಿಗೇ ಅವಳ ಖಾನಾವಳಿ. ಗಲ್ಲೆಯ ಮೇಲೆ ಕುಳಿತವನಿಗೆ ಬೇರೆ ಮನರಂಜನೆ ಬೇಕಾಗುತ್ತಿರಲಿಲ್ಲ.

ರೊಟ್ಟಿ ಬಿಟ್ಟು ಏಳುವವನಿಗೆ ಅವಳು ಬೈಯುತ್ತಾಳೆ. ತಾಟಿನಲ್ಲೇ ಕೈ ತೊಳೆಯುವವನಿಗೆ ಬೈಯುತ್ತಾಳೆ. ಫೋನಿನಲ್ಲಿ ಹರಟುತ್ತ ಬಿಸಿ ಝುಣಕ ಆರಲು ಬಿಡುವವನ ಮುಂದಿನಿಂದ ತಾಟನ್ನೇ ಎತ್ತಿಕೊಂಡು ಹೋಗಿ, ಮಾತು ಮುಗಿದ ಮೇಲೆ ಹೇಳು ಅನ್ನುತ್ತಾಳೆ. ಹೂಲಿ, ಸಿರಸಂಗಿ ಕಡೆಯಿಂದ ಹತ್ತಿ ಮಾರಲು ಬರುವ ರೈತರು ಬೈಸಿಕೊಂಡೇ ಉಂಡು, ಮುಂದಿನ ಸಲ ಬರುವಾಗ ಬೈಸಿಕೊಳ್ಳಲು ಇನ್ನೊಬ್ಬನನ್ನು ಜೊತೆಗೆ ಕರೆತರುತ್ತಾರೆ. ಅವಳ ರೊಟ್ಟಿ ಹಾಗಿರುತ್ತದೆ.

ಅವಳು ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಮಗಳು. ಗಂಡ ಶಂಕ್ರೆಪ್ಪ ನಮ್ಮ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ಚೀಲ ಹೊತ್ತು ಹೊತ್ತು ಅವನ ಬೆನ್ನು ಹೋದ ಮೇಲೆ ಕಾಡವ್ವ ಹುಡುಗರ ಖಾಸಗಿ ವಸತಿಗೃಹವೊಂದಕ್ಕೆ ಅಡಿಗೆ ಕೆಲಸಕ್ಕೆ ಹೋದಳು. ಹೋದ ಮೇಲೆ ಗೊತ್ತಾಯಿತು, ಅವಳ ಪಾಲಿಗಿದ್ದದ್ದು ಪಾತ್ರೆ ತಿಕ್ಕುವ ಕೆಲಸ ಮಾತ್ರ. ಒಮ್ಮೆ ಅಡಿಗೆಯವನು ಬರಲಿಲ್ಲ. ಹಸಿದ ಹುಡುಗರು ಗದ್ದಲ ಮಾಡಿದರು. ಇವಳು ಕುಳಿತು ರೊಟ್ಟಿ ಬಡಿದಳು. ಹುಡುಗರು ಇನ್ನೂ ಬೇಕೆಂದು ಕೇಳಿ ಉಂಡರು. ಸಂಜೆ ಮ್ಯಾನೇಜರ್ ಬಂದು, ಒಳ್ಳೆಯ ಕೆಲಸ ಮಾಡಿದೆ, ಆದರೆ ಯಾರು ಬಡಿದದ್ದು ಎಂದು ಪಾಲಕರು ಕೇಳಿದರೆ ನಿನ್ನ ಹೆಸರು ಹೇಳಬೇಡ ಎಂದ. ಕಾಡವ್ವ ಸೆರಗು ಬಿಗಿದುಕೊಂಡು ಹೊರಟವಳು ಆ ಗೇಟಿನೊಳಗೆ ಮತ್ತೆ ಕಾಲಿಡಲಿಲ್ಲ.

ಶಂಕ್ರೆಪ್ಪ ತೀರಿಕೊಂಡ ಮೇಲೆ ಮಗಳು ಭಾಗ್ಯಾಳನ್ನು ಜೊತೆಗಿಟ್ಟುಕೊಂಡು ಈ ಖಾನಾವಳಿ ಹಾಕಿದಳು. ಅವರು ದಲಿತರು, ಬೌದ್ಧರಾದವರು. ಒಳಗೆ ಬಂದವನ ಕಣ್ಣಿಗೆ ಮೊದಲು ಬೀಳುವ ಗೋಡೆಗೇ ಬುದ್ಧನ ಫೋಟೋ ಹಾಕಿಸಿದಳು. ಸ್ವಲ್ಪ ಬದಿಗೆ ಹಾಕು, ಗಾಳಿಗೆ ಬಿದ್ದೀತು ಎಂದು ನಾನು ಜಾಣತನ ಮಾಡಿದೆ. ಗೊತ್ತಿರಲಿಲ್ಲ ಎಂದು ನಾಳೆ ಯಾರೂ ಅನ್ನಬಾರದು, ಅದಕ್ಕೇ ಅಲ್ಲಿ ಎಂದಳು. ನಮ್ಮ ಪೇಟೆಯ ಮಂದಿ ಅದಕ್ಕೂ ಒಂದು ದಾರಿ ಹುಡುಕಿಕೊಂಡರು. ರೊಟ್ಟಿಯನ್ನೂ ಬಿಡಲಿಲ್ಲ, ಮಡಿಯನ್ನೂ ಬಿಡಲಿಲ್ಲ. ಪಾರ್ಸೆಲ್ ಕಟ್ಟಿಸಿಕೊಂಡು ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಒಯ್ದರು.

ಹಾಗೆ ಒಯ್ಯುವವರಲ್ಲಿ ರಾಮಲಿಂಗಪ್ಪನ ಮನೆಯವರು ಮೊದಲಿಗರು. ನನ್ನ ಅಂಗಡಿಗೆ ಹತ್ತಿದಂತೆ ಅವನ ಬಟ್ಟೆ ಅಂಗಡಿ, ಅದರ ಹಿಂದೆ ಮನೆ. ಕಾಡವ್ವನ ಖಾನಾವಳಿಯ ಕಟ್ಟಡವೂ ಅವನದೇ. ಅವನ ಮೊಮ್ಮಗ ಬಸವಪ್ರಭು, ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತ ಕೂಸು, ಕಾಡವ್ವ ಹಾಲಿನಲ್ಲಿ ನೆನೆಸಿ ತಿನ್ನಿಸಿದ ರೊಟ್ಟಿಗಷ್ಟೇ ಬಾಯಿ ತೆರೆಯುತ್ತಿತ್ತು. ಕೂಸಿನ ತಾಯಿ ಶೈಲಜಾ ಅದನ್ನೆತ್ತಿಕೊಂಡು ಖಾನಾವಳಿಗೆ ಬಂದು ಕೂಡುವಳು. ಬೈಗುಳವಿಲ್ಲದೆ ಕಾಡವ್ವ ಊಟ ಮಾಡಿಸಿದ್ದು ಊರಲ್ಲಿ ಆ ಒಬ್ಬನಿಗೇ ಇರಬೇಕು.

ಈಗ ಆಮೆಗೆ ಬರುತ್ತೇನೆ.

ಜನ ಸೀರೆಯನ್ನೂ ಮೊಬೈಲಿನಲ್ಲೇ ಕೊಳ್ಳಲು ಶುರು ಮಾಡಿದ ಮೇಲೆ ರಾಮಲಿಂಗಪ್ಪನ ಅಂಗಡಿಗೆ ಗಿರಾಕಿ ಕಡಿಮೆಯಾದರು. ಅವನು ಅಂಗಡಿಯಲ್ಲಿ ಹೊಸ ಮಾಲು ತುಂಬುವ ಬದಲು ವಾಸ್ತು ಹೇಳುವವನನ್ನು ಕರೆಸಿದ. ಆ ಮಹಾಶಯ ಮೂಲೆ ಮೂಲೆ ನೋಡಿ, ಉತ್ತರ ದಿಕ್ಕಿಗೆ ಹಿತ್ತಾಳೆಯ ಪರಾತದಲ್ಲಿ ನೀರು ಹಾಕಿ ಆಮೆ ಇಡಬೇಕು, ಅದೂ ಜೀವಂತ ಆಮೆ ಎಂದು ಹೇಳಿಹೋದ. ಯಾರೋ ಒಬ್ಬ ಕೈಚೀಲದಲ್ಲಿ ತಂದುಕೊಟ್ಟ. ಬೆನ್ನ ಮೇಲೆ ಹಳದಿ ನಕ್ಷತ್ರ ಬಿಡಿಸಿದಂಥ ಆಮೆ. ಅದನ್ನು ಸಾಕಿದರೆ ಅರಣ್ಯ ಇಲಾಖೆಯವರು ಕೇಸು ಹಾಕುತ್ತಾರೆ, ಫೋಟೋ ತೆಗೆಯಬೇಡಿ, ಯಾರಿಗೂ ಹೇಳಬೇಡಿ ಎಂದು ತಂದವನೇ ಎಚ್ಚರಿಸಿದ್ದ. ರಾಮಲಿಂಗಪ್ಪ ಅದನ್ನು ಗಲ್ಲೆಯ ಹಿಂದೆ ಪರದೆಯ ಮರೆಯಲ್ಲಿಟ್ಟ. ಪೇಟೆಯ ಗುಟ್ಟು ಎಂದರೆ ಪೇಟೆಗಷ್ಟೇ ಗೊತ್ತಿರುವ ಸಂಗತಿ. ನಾವೆಲ್ಲ ಒಬ್ಬೊಬ್ಬರಾಗಿ ಹೋಗಿ ನೋಡಿ ಬಂದೆವು.

ಅದು ನೆಲದ ಮೇಲೆ, ಒಣ ಹುಲ್ಲಿನ ನಡುವೆ ಬಾಳುವ ಪ್ರಾಣಿಯಂತೆ. ಪರಾತದ ನೀರಿನಲ್ಲಿ ಕಾಲು ನೆನೆಸಿಕೊಂಡು, ಕತ್ತು ಚಾಚಿ ಅಂಚು ಹತ್ತಲು ನೋಡುತ್ತಿತ್ತು. ಜಾರುತ್ತಿತ್ತು, ಮತ್ತೆ ನೋಡುತ್ತಿತ್ತು. ರೊಟ್ಟಿ ಕೊಡಲು ಬಂದ ಕಾಡವ್ವ ಪರದೆ ಸರಿಸಿ ನೋಡಿ, "ಇದು ಯಾವ ತಪ್ಪಿಗೆ ನೀರಾಗ ನಿಂತೇತ್ರಿ?" ಎಂದಳಂತೆ. ದೇವರ ಬಗ್ಗೆ ಹಗುರವಾಗಿ ಮಾತಾಡಬೇಡ ಎಂದು ರಾಮಲಿಂಗಪ್ಪ ಗದರಿದ.

ದೇವರಾದ ಮೇಲೆ ಮಡಿ ಬಂತು. ಆಮೆ ಆ ನೀರಲ್ಲೇ ಹೇಲುತ್ತಿತ್ತು, ಅಲ್ಲೇ ಉಚ್ಚೆ ಹೊಯ್ಯುತ್ತಿತ್ತು. ಪರಾತ ದಿನಾ ತಿಕ್ಕಬೇಕು. ದೇವರ ಪಾತ್ರೆಯನ್ನು ಬಚ್ಚಲಲ್ಲಿ ತಿಕ್ಕುವುದುಂಟೇ ಎಂದು ರಾಮಲಿಂಗಪ್ಪನ ಹೆಂಡತಿ ಶೆಟ್ಟೆವ್ವ ಕಟ್ಟಪ್ಪಣೆ ಮಾಡಿದಳು. ಹಾಗಾಗಿ ಅದು ಅಡಿಗೆಮನೆಯ ಸಿಂಕಿಗೆ ಹೋಯಿತು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು ಅಲ್ಲಿ, ಕೂಸಿನ ಹಾಲಿನ ಚಮಚ ತೊಳೆದದ್ದೂ ಅಲ್ಲಿ, ಅದೇ ನಾರಿನಿಂದ. ಚೆಲ್ಲುವ ಮೊದಲು ಪರಾತದ ನೀರನ್ನು ಬಾಗಿಲಿಗೆ, ಗಲ್ಲೆಗೆ, ಕೊನೆಗೆ ಕೂಸಿನ ನೆತ್ತಿಗೆ ಚಿಮುಕಿಸುವುದು ರಾಮಲಿಂಗಪ್ಪನ ನಿತ್ಯದ ಕ್ರಮ. ಬಸವಪ್ರಭುವಿಗೆ ಅದೊಂದು ಆಟ. ಕೆನ್ನೆಗಿಳಿದ ಹನಿಯನ್ನು ನೆಕ್ಕುವುದು, ಯಾರೂ ನೋಡದಾಗ ಪರಾತಕ್ಕೆ ಕೈ ಹಾಕಿ ಪಟಪಟ ಬಡಿಯುವುದು, ಆ ಕೈಯನ್ನು ಬಾಯಿಗಿಡುವುದು. ನೀರು ನಾರುತ್ತದೆ ಎಂದು ಶೈಲಜಾ ಒಮ್ಮೆ ಅತ್ತೆಗೆ ಹೇಳಿದಳು. ದೇವರ ನೀರು ನಾರುವುದಿಲ್ಲ, ನಿನ್ನ ಮೂಗೇ ಸರಿಯಿಲ್ಲ ಎಂದು ಅತ್ತೆ ತೀರ್ಪು ಕೊಟ್ಟಳು. ಇದನ್ನು ಶೈಲಜಾ ನನ್ನ ಹೆಂಡತಿ ಅನ್ನಪೂರ್ಣಾಳ ಮುಂದೆ ನಗುತ್ತಲೇ ಹೇಳಿದ್ದಳು.

ನಗು ಬಹಳ ದಿನ ಉಳಿಯಲಿಲ್ಲ. ಕೂಸಿಗೆ ಜ್ವರ ಬಂತು, ಭೇದಿಯಾಯಿತು, ಭೇದಿಯಲ್ಲಿ ರಕ್ತ ಬಂತು. ಬೆಳಗಾವಿಯ ಆಸ್ಪತ್ರೆಗೆ ಒಯ್ದರು. ಸಲೈನ್ ಏರಿಸಿ, ಮಲ ಪರೀಕ್ಷೆಗೆ ಕಳಿಸಿ, ಸಾಲ್ಮೊನೆಲ್ಲಾ ಎಂಬ ರೋಗಾಣು ಹೊಟ್ಟೆಗೆ ಹೋಗಿದೆ ಎಂದು ವೈದ್ಯರು ಹೇಳಿದರು. ತಿನ್ನುವ ಪದಾರ್ಥದಿಂದ ಬರಬಹುದು, ಹೊಲಸು ನೀರಿನಿಂದ ಬರಬಹುದು, ಬೇರೆ ದಾರಿಗಳೂ ಇವೆ ಎಂದರಂತೆ. ರಾಮಲಿಂಗಪ್ಪ ಊರಿಗೆ ಬರುವಾಗ ಆ ಮೂರರಲ್ಲಿ ಒಂದನ್ನು ಮಾತ್ರ ತಂದ.

ಬಂದವನು ಕೈಕಾಲು ತೊಳೆಯಲಿಲ್ಲ, ನೇರವಾಗಿ ಖಾನಾವಳಿಗೆ ಹೋದ. ರೈತರು ಉಣ್ಣುತ್ತ ಕುಳಿತಿದ್ದರು. ಕಾಡವ್ವ ಹಿಟ್ಟು ನಾದುತ್ತಿದ್ದಳು. ಇಡೀ ಓಣಿಗೆ ಕೇಳುವಂತೆ ಅವನು ಅಂದ ಮಾತು ಇದು: "ಯಾರ ಕೈಯಾಗಿಂದು ಉಣ್ಣಬಾರ್ದೋ ಅವರ ಕೈಯಾಗಿಂದು ಉಂಡ್ರ ಹಿಂಗ ಆಗೂದು. ನನ್ನ ಕೂಸು ಸಾಯಾಕ ಬಿದ್ದೇತಿ. ಎಲ್ಲಾರೂ ಏಳ್ರಿ, ಹೊರಗ ನಡೀರಿ."

ಉಣ್ಣುತ್ತಿದ್ದವರನ್ನು ಎಬ್ಬಿಸಿದ. ತಾಯಿ ಮಗಳನ್ನು ಹೊರಗೆ ಕಳಿಸಿದ. ನಾದಿದ ಹಿಟ್ಟು, ಕುದಿಯುತ್ತಿದ್ದ ಬೇಳೆ ಎಲ್ಲ ಒಳಗಿರುವಾಗಲೇ ತನ್ನ ಕೀಲಿ ಜಡಿದು, ಕೀಲಿಕೈ ಕಿಸೆಗೆ ಹಾಕಿಕೊಂಡ. ಒಲೆ ಆರಿಸಲಿಕ್ಕಾದರೂ ಬಿಡಿ ಎಂದು ಭಾಗ್ಯಾ ಕೇಳಿಕೊಂಡ ಮೇಲೆ ಒಮ್ಮೆ ತೆರೆದು ಗ್ಯಾಸ್ ಬಂದ್ ಮಾಡಿ ಮತ್ತೆ ಜಡಿದ. ಇದೆಲ್ಲ ನಡೆಯುವಾಗ ಓಣಿಯ ವ್ಯಾಪಾರಸ್ಥರೆಲ್ಲ ತಂತಮ್ಮ ಬಾಗಿಲಲ್ಲಿ ನಿಂತಿದ್ದರು. ಆ ರೊಟ್ಟಿ ತಿಂದು ವರ್ಷಗಟ್ಟಲೆ ಗಟ್ಟಿಮುಟ್ಟಾಗಿದ್ದ ಹೊಟ್ಟೆಗಳು ಅವು. ಒಬ್ಬನಿಗೆ ಹಿಂದಿನ ವಾರದ ಅಜೀರ್ಣ ಆಗಲೇ ನೆನಪಾಯಿತು. ಇನ್ನೊಬ್ಬ ತನಗೆ ಮೊದಲಿನಿಂದಲೂ ಅನುಮಾನವಿತ್ತು ಎಂದ. ಅನುಮಾನವಿಟ್ಟುಕೊಂಡೇ ಹೆಚ್ಚಿಗೆ ಎರಡು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ ಮಹಾನುಭಾವ ಅವನು.

ಮರುದಿನ ಬೆಳಿಗ್ಗೆ ನೋಡಿದರೆ ಕಾಡವ್ವ ಕೀಲಿ ಹಾಕಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಅದರ ಮರುದಿನವೂ ಕುಳಿತಳು. ನಾನು ಚಹಾ ಕಳಿಸಿದೆ, ಮುಟ್ಟಲಿಲ್ಲ. ಹೋಗಿ, ಸಂಗೊಳ್ಳಿ ರಸ್ತೆಗೆ ಬೇರೆ ಜಾಗ ನೋಡೋಣ, ಸ್ವಲ್ಪ ತಡೆದುಕೋ ಎಂದೆ.

"ತಡಕೊಳ್ಳೂದನ್ನ ಮಾತ್ರ ಎಲ್ಲಾರೂ ನಮಗ ತೂಗಿ ಕೊಡತೀರಿ, ಯಮನಪ್ಪಣ್ಣ" ಎಂದಳು. "ಜಾಗಾ ಅವರದು, ಮುಚ್ಚಲಿ. ನನ್ನ ಕೈಗೆ ಹೆಸರಿಟ್ಟು ಮುಚ್ಯಾರಲ್ಲ, ಅದನ್ನ ಹೊತಗೊಂಡು ನಾ ಯಾವ ರಸ್ತೇಕ ಹೋಗ್ಲಿ? ಅಲ್ಲೂ ಮಂದಿ ಕೇಳ್ತಾರ, ಕೂಸಿಗೆ ವಿಷಾ ಹಾಕಿದಾಕಿ ಇಕೀನ ಏನು ಅಂತ."

ಆರಿದ ಚಹಾದ ಕಪ್ಪು ಎತ್ತಿಕೊಂಡು ನಾನು ಅಂಗಡಿಗೆ ಮರಳಿದೆ.

ಕೂಸು ಚೇತರಿಸಿಕೊಂಡು ಮನೆಗೆ ಬಂತು. ಬದುಕಿ ಬಂದದ್ದು ಆಮೆಯ ಕೃಪೆ ಎಂದು ರಾಮಲಿಂಗಪ್ಪ ಕೂಸನ್ನು ಪರಾತದ ಮುಂದೆ ಕೂರಿಸಿ, ಎಂದಿಗಿಂತ ಧಾರಾಳವಾಗಿ ನೀರು ಚಿಮುಕಿಸಿದ. ಹೊರಗಿನ ಒಂದು ತುತ್ತೂ ಕೊಡಬಾರದೆಂದು ಶೆಟ್ಟೆವ್ವ ಕೂಸಿನ ಗಂಜಿಯನ್ನು ತಾನೇ ಕಾಯಿಸಿದಳು, ಗಂಜಿಯ ಬಟ್ಟಲನ್ನು ತಾನೇ ತೊಳೆದಳು, ಅದೇ ಸಿಂಕಿನಲ್ಲಿ. ಬಹಳ ದಿನ ಹಿಡಿಯಲಿಲ್ಲ. ಮತ್ತೆ ಜ್ವರ, ಮತ್ತೆ ರಕ್ತ. ಈ ಸಲ ಕೂಸಿಗೆ ಅಳಲಿಕ್ಕೂ ತ್ರಾಣವಿರಲಿಲ್ಲ.

ರಾಮಲಿಂಗಪ್ಪನ ಮಗ ಮಾಲು ತರಲು ಸೂರತ್ತಿಗೆ ಹೋಗಿದ್ದ. ನನ್ನ ಓಮ್ನಿ ತೆಗೆದೆ. ಶೈಲಜಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಹತ್ತಿ ಕುಳಿತಳು. ರಾಮಲಿಂಗಪ್ಪ ಮುಂದಿನ ಸೀಟಿಗೆ ಬಂದ. ಕಾಡವ್ವ ಮೆಟ್ಟಿಲಿಂದ ಎದ್ದು ಬಂದು ಗಾಡಿಯೊಳಗೆ ಬಗ್ಗಿ ಕೂಸಿನ ಹಣೆ ಮುಟ್ಟಿದಳು. ಅವಳ ಮುಖದಲ್ಲಿ ದಿನಗಟ್ಟಲೆ ಕುಳಿತಿದ್ದ ಸಿಟ್ಟು ಒಂದು ಗಳಿಗೆ ಎಲ್ಲಿಗೋ ಹೋಯಿತು. ರಾಮಲಿಂಗಪ್ಪನ ಕಡೆ ತಿರುಗಿದಾಗ ಮರಳಿ ಬಂತು.

"ನನ್ನ ಬಾಗಲಾ ಮುಚ್ಚೇತ್ರಿ. ಕೀಲಿಕೈ ನಿಮ್ಮ ಕಿಸೇದಾಗ ಐತಿ. ಈಗ ಕೂಸು ಯಾರ ರೊಟ್ಟಿ ತಿಂತು?"

ಅವನು ಎದುರಿನ ಗಾಜು ನೋಡುತ್ತ, ಗಾಡಿ ಬಿಡು ಎಂದು ನನಗೆ ಹೇಳಿದ. ನಾನು ಚಾವಿ ತಿರುಗಿಸುವಷ್ಟರಲ್ಲಿ ಹಿಂದಿನಿಂದ ಶೈಲಜಾಳ ದನಿ ಬಂತು.

"ಮನ್ಯಾಗ ಹಕ್ಕಿ, ಹಲ್ಲಿ ಜಾತೀದು, ಆಮಿ ಏನರೆ ಸಾಕೀರಿ ಏನು ಅಂತ ಡಾಕ್ಟರು ಕೇಳಿದ್ರು. ಮಾವಾರು ಇಲ್ಲ ಅಂದ್ರು. ನಾನೂ ಸುಮ್ಮ ಕುಂತೆ."

ಬಾಗಿಲಲ್ಲಿ ನಿಂತಿದ್ದ ಶೆಟ್ಟೆವ್ವ ಸೊಸೆಗೆ ಬಾಯಿ ಮುಚ್ಚಲು ಸನ್ನೆ ಮಾಡಿದಳು. ಅದನ್ನು ಕಂಡ ಕಾಡವ್ವ ಹಿಂದಿನ ಬಾಗಿಲು ಸರಿಸಿ ಹತ್ತಿ ಕುಳಿತಳು. "ಅಲ್ಲಿ ಹೋಗಿ ನೀ ಮತ್ತ ಸುಮ್ಮ ಕುಂತೆಂದ್ರ? ನಾನೂ ಬರತೇನಿ" ಎಂದಳು. ಗಾಡಿಯಲ್ಲಿ ಇಷ್ಟು ಜನಕ್ಕೆ ಜಾಗವಿಲ್ಲ ಎಂದು ರಾಮಲಿಂಗಪ್ಪ ಗೊಣಗಿದ.

"ಹಂಗಾರ ನೀವು ಇಳೀರಿ."

ಇಳಿದ. ಬಟ್ಟೆ ಅಂಗಡಿಯ ರಾಮಲಿಂಗಪ್ಪ ಇನ್ನೊಬ್ಬರ ಮಾತಿಗೆ ಕುಳಿತ ಜಾಗ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೆಳಗಾವಿಯ ವೈದ್ಯೆ ಕೂಸನ್ನು ಒಳಗೆ ಕಳಿಸಿ, ಸೂಜಿ ಚುಚ್ಚಿಸಿ, ರಕ್ತ ತೆಗೆಸಿದ ಮೇಲೆಯೇ ನಮ್ಮ ಮಾತಿಗೆ ಕಿವಿಗೊಟ್ಟರು. ಶೈಲಜಾ ಆಮೆ, ಪರಾತ, ನೀರು ಎಂದು ಒಂದೊಂದಾಗಿ ಹೇಳಿದಳು. ಕಾಡವ್ವ ಅವಳ ಮೊಳಕೈ ಹಿಡಿದು, "ಸಿಂಕಿಂದೂ ಹೇಳು" ಎಂದಳು. ಅದನ್ನೂ ಹೇಳಿದಳು.

ವೈದ್ಯೆಗೆ ಸಿಟ್ಟು ಬಂತು. ನಾನು ಆವತ್ತೇ ಕೇಳಿದ್ದೆನಲ್ಲ ಎಂದರು. ಆಮೆ, ಹಲ್ಲಿ, ಹಾವು, ಇಂಥ ಪ್ರಾಣಿಗಳ ಕರುಳಿನಲ್ಲಿ ಈ ರೋಗಾಣು ಸದ್ದಿಲ್ಲದೆ ಇರುತ್ತದೆ. ಅವಕ್ಕೆ ಏನೂ ಆಗುವುದಿಲ್ಲ, ನೋಡಲು ಸ್ವಚ್ಛವಾಗಿ, ಲಕ್ಷಣವಾಗಿ ಇರುತ್ತವೆ. ಹೇಲಿನಲ್ಲಿ ಹೊರಬಂದು ಚಿಪ್ಪಿಗೆ, ನೀರಿಗೆ, ಪಾತ್ರೆಗೆ ಹತ್ತುತ್ತದೆ, ಅಲ್ಲಿಂದ ಕೈಗೆ, ಕೈಯಿಂದ ಬಾಯಿಗೆ. ದೊಡ್ಡವರು ಎರಡು ದಿನ ಹೊಟ್ಟೆನೋವು ಅನುಭವಿಸಿ ಎದ್ದಾರು. ಐದು ವರ್ಷದೊಳಗಿನ ಮಕ್ಕಳಿಗೆ, ಮುದುಕರಿಗೆ ಅದು ರಕ್ತಕ್ಕೇ ಇಳಿಯಬಹುದು. ಇಷ್ಟು ಸಣ್ಣ ಕೂಸಿರುವ ಮನೆಯಲ್ಲಿ ಅಂಥ ಪ್ರಾಣಿ ಇರಲೇಬಾರದು. ಎಲ್ಲಿಯಾದರೂ ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯದೆ ಏನನ್ನೂ ಮುಟ್ಟಬಾರದು. ಅದರ ಪಾತ್ರೆ ಅಡಿಗೆಮನೆಯ ಹೊಸ್ತಿಲನ್ನೂ ದಾಟಬಾರದು. ಇಷ್ಟನ್ನೂ ಹೇಳಿ, ಇವನ ರಕ್ತಕ್ಕೆ ಇಳಿದಿರುವ ಹಾಗಿದೆ, ಔಷಧ ಬದಲಿಸುತ್ತೇನೆ, ನೋಡೋಣ ಎಂದರು.

ಆ 'ನೋಡೋಣ' ಕೇಳಿ ನಾವು ಹೊರಗಿನ ಬೆಂಚಿನ ಮೇಲೆ ಕುಳಿತೆವು. ಕಾಡವ್ವ ಯಾರನ್ನೂ ನೋಡದೆ, "ಆಮೀ ಹೇಲ ಅಡಗೀಮನಿಗೆ ಬರಬಹುದು. ನಾ ಬಂದ್ರ ಹಿತ್ತಲ ಬಾಗಲಾ" ಎಂದಳು.

ನಾನು ವ್ಯಾಪಾರಸ್ಥ. ಒಂದು ಮಾಲಿನ ಮೇಲೆ ಇನ್ನೊಂದರ ಚೀಟಿ ಅಂಟಿಸುವುದು ನಮಗೆ ಹೊಸದಲ್ಲ. ಆದರೆ ಸಾಯುವ ಸ್ಥಿತಿಯಲ್ಲಿರುವ ಸ್ವಂತ ಮೊಮ್ಮಗನ ಮುಂದೆ ಕುಳಿತು, ವೈದ್ಯರು ಬಾಯಿಬಿಟ್ಟು ಕೇಳಿದಾಗ, ಕೇಸಿಗೆ ಹೆದರಿ ಇಲ್ಲ ಎಂದು, ಆ ಇಲ್ಲ ಎಂಬುದನ್ನು ಮುಚ್ಚಲು ಕೈಗೆ ಸಿಕ್ಕ ಬಡವಿಯ ಹೆಸರು ಎತ್ತುವುದು ಯಾವ ಪೇಟೆಯ ಲೆಕ್ಕ? ಅವಳ ಹೆಸರೇ ಅವನಿಗೆ ಯಾಕೆ ಹೊಳೆಯಿತು ಎಂದು ಕೇಳಿದರೆ ನಮ್ಮ ಓಣಿಯ ಒಬ್ಬನೂ ಗೊತ್ತಿಲ್ಲ ಅನ್ನಲಾರ. ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಯಾರೂ ಕೇಳಲಿಲ್ಲ.

ಔಷಧ ಹಿಡಿಯಿತು. ಕೂಸು ಕಣ್ಣು ತೆರೆದು ಹಾಲು ಕೇಳಿದ ದಿನ ಶೈಲಜಾ ಆಸ್ಪತ್ರೆಯ ಕಾರಿಡಾರಿನಿಂದಲೇ ಅರಣ್ಯ ಇಲಾಖೆಗೆ ಫೋನ್ ಮಾಡಿದಳು. ಆಮೆಯನ್ನು ಬಂದು ಒಯ್ದರು. ರಾಮಲಿಂಗಪ್ಪ ಕಚೇರಿಗೆ ಅಲೆಯುವುದು ಶುರುವಾಯಿತು. ಮಗ ಸೂರತ್ತಿನಿಂದ ಬಂದು ಸಿಂಕನ್ನೇ ಕಿತ್ತು ಹೊಸದು ಹಾಕಿಸಿದ. ಸಂಗತಿ ಪೇಟೆಯ ತುಂಬ ಹಬ್ಬಿತು. ಆದರೆ ಪಿಸುಮಾತಿನಲ್ಲಿ. ಕಾಡವ್ವನ ಮೇಲೆ ಕೂಗಿ ಹೇಳಿದ್ದನ್ನು ಕೂಗಿ ಹಿಂದಕ್ಕೆ ತೆಗೆದುಕೊಂಡವರು ಯಾರೂ ಇಲ್ಲ.

ರಾಮಲಿಂಗಪ್ಪ ಒಂದು ದಿನ ಖಾನಾವಳಿಯ ಕೀಲಿಕೈಯನ್ನು ನನ್ನ ಗಲ್ಲೆಯ ಮೇಲಿಟ್ಟು, ಅವಳಿಗೆ ಕೊಟ್ಟುಬಿಡು, ಆದದ್ದು ಆಯಿತು, ನಾಳೆಯಿಂದ ಶುರು ಮಾಡಲಿ ಎಂದ. ನಾನು ಒಯ್ದೆ. ಕೆಲಸವಿಲ್ಲದೆ ಮನೆಯಲ್ಲಿ ಏನು ನಡೆಯುತ್ತಿತ್ತೆಂದು ನನಗೆ ಗೊತ್ತಿತ್ತು. ಭಾಗ್ಯಾ ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ಕೈ ಚಾಚಿದರೆ ಬಾಗಿಲು ತೆರೆಯುತ್ತಿತ್ತು. ಕಾಡವ್ವ ಕೈ ಚಾಚಲಿಲ್ಲ.

"ಹಾಕಿದವರು ಬಂದು ತೆಗೀಲಿ. ಸಂತೀ ದಿನಾ ತೆಗೀಲಿ. ಹಾಕುಮುಂದ ಏನಂದಿದ್ರು, ಖರೇ ಏನಿತ್ತು, ಎರಡೂ ಹೇಳಿ ತೆಗೀಲಿ. ನೀವು ನಡುವ ಬರಬ್ಯಾಡ್ರಿ, ಅಣ್ಣಾ. ಇದರಾಗ ನಿಮಗ ದಲಾಲಿ ಇಲ್ಲ."

ಮಾತು ಚುರುಕಾಗಿಯೇ ತಾಗಿತು. ಕೀಲಿಕೈಯನ್ನು ಹಿಂದಕ್ಕೆ ಕೊಟ್ಟು ಬಂದೆ. ಪೇಟೆಯ ಹಿರಿಯರು, ಹೆಣ್ಣುಮಗಳಿಗೆ ಇಷ್ಟು ಹಟ ಸಲ್ಲದು, ಅವನೂ ಕಷ್ಟದಲ್ಲಿದ್ದಾನೆ ಎಂದು ನ್ಯಾಯ ಮಾತಾಡಿದರು. ಕೀಲಿ ಜಡಿದ ದಿನ ಈ ನ್ಯಾಯವೆಲ್ಲ ಯಾವ ಗೋದಾಮಿನಲ್ಲಿತ್ತೋ.

ಕೊನೆಗೆ ಅವನನ್ನು ಕರೆತಂದದ್ದು ಶೈಲಜಾ. ಆಸ್ಪತ್ರೆಯಿಂದ ತವರಿಗೆ ಹೋದವಳು, ಮಾವ ಓಣಿಯ ಮುಂದೆ ಹೇಳದ ಹೊರತು ಕೂಸನ್ನು ಮನೆಗೆ ತರುವುದಿಲ್ಲ ಎಂದು ಕುಳಿತಳು. ಸಂತೆಯ ದಿನ ಮಧ್ಯಾಹ್ನ, ಓಣಿ ರೈತರಿಂದ ತುಂಬಿರುವಾಗ, ರಾಮಲಿಂಗಪ್ಪ ಖಾನಾವಳಿಯ ಮುಂದೆ ಬಂದು ನಿಂತ. ಕಾಡವ್ವ ಮೆಟ್ಟಿಲಿಂದ ಎದ್ದು ಪಕ್ಕಕ್ಕೆ ಸರಿದಳು. ಅವನು ಗಡ್ಡದೊಳಗೇ ಏನೋ ಅಂದ.

"ಆವತ್ತ ಹಿಂಗ ಅಂದಿದ್ದಿಲ್ರಿ. ಓಣಿಗೆಲ್ಲಾ ಕೇಳಿತ್ತು" ಎಂದಳು.

ಅವನು ದನಿ ಏರಿಸಿದ. "ಕೂಸಿಗೆ ಜಡ್ಡು ಬಂದದ್ದು ನನ್ನ ಮನಿ ಆಮೀಲೆ. ಡಾಕ್ಟರು ಕೇಳಿದಾಗ ನಾ ಮುಚ್ಚಿಟ್ಟೆ. ಕಾಡವ್ವನ ಕೈದು ಏನೂ ತಪ್ಪಿಲ್ಲ. ನಾ ಸುಳ್ಳ ಅಂದೆ."

ಅಜೀರ್ಣ ನೆನಪಾಗಿದ್ದವನು ಅಂಗಡಿಯೊಳಗೆ ಸರಿದ. ರಾಮಲಿಂಗಪ್ಪ ಕೀಲಿ ತೆಗೆದು ಬಾಗಿಲು ನೂಕಿದ. ಒಳಗಿನಿಂದ ಬಂದ ವಾಸನೆಗೆ ಮುಂದಿದ್ದವರೆಲ್ಲ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಅಂದು ನಾದಿಟ್ಟ ಹಿಟ್ಟು ಕೊಳೆತು ಕರ್ರಗಾಗಿತ್ತು. ಬೇಳೆಯ ಬೋಗುಣಿಯಲ್ಲಿ ಹುಳ ಮಿಜಿಗುಟ್ಟುತ್ತಿದ್ದವು. ಇಲಿಗಳು ಜೋಳದ ಚೀಲ ಹರಿದು ನೆಲದ ತುಂಬ ಹರಡಿದ್ದವು. ತನ್ನ ಅಡಿಗೆಮನೆಯಲ್ಲಿ ಒಂದು ಕಾಳು ನೆಲಕ್ಕೆ ಬಿದ್ದರೆ ಸಹಿಸದವಳು ಅದನ್ನೆಲ್ಲ ನಿಂತು ನೋಡಿದಳು.

ಯಾರೋ ರೈತ, ಮುಗೀತಲ್ಲ ಅವ್ವಾ, ಸಾವಕಾರರು ಹೇಳಿದರಲ್ಲ, ಇನ್ನು ರೊಟ್ಟಿ ಹಚ್ಚು ಎಂದ. ಕಾಡವ್ವ ಒಳಗೆ ಹೋಗಿ ಹುಳ ಬಿದ್ದ ಬೋಗುಣಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಬಂದು, ಹೊರಟುಹೋಗಲು ಚಪ್ಪಲಿ ಹುಡುಕುತ್ತಿದ್ದ ರಾಮಲಿಂಗಪ್ಪನ ಮುಂದೆ ಹಿಡಿದಳು.

"ಹಿಡೀರಿ. ಇದು ನೀವು ಮಾಡಿದ ಅಡಗಿ. ತಿಪ್ಪೀಗೆ ಹಾಕಿ, ಬೋಗೋಣಿ ತಿಕ್ಕಿ ತರ್ರಿ. ಒಳಗ ಇನ್ನೂ ಐತಿ."

ಅವನು ಸುತ್ತಲೂ ನೋಡಿದ. ಎಂದೂ ಇಲ್ಲದ ಹಾಗೆ ಯಾರೂ ನಡುವೆ ಬಾಯಿ ಹಾಕಲಿಲ್ಲ. ನಾನಂತೂ ತಕ್ಕಡಿ ಒರೆಸುತ್ತ ಕುಳಿತೆ. ಬೋಗುಣಿಯನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು, ಸಂತೆಯ ಜನದ ನಡುವೆ ದಾರಿ ಕೇಳುತ್ತ, ರಾಮಲಿಂಗಪ್ಪ ತಿಪ್ಪೆಯ ಕಡೆ ನಡೆದ. ಕಾಡವ್ವ ಸೆರಗು ಬಿಗಿದು ಕಸಬರಿಗೆ ಹಿಡಿದಳು. ಅಂದು ರೊಟ್ಟಿ ಇಲ್ಲ ಎಂದು ಭಾಗ್ಯಾ ರೈತರಿಗೆ ಹೇಳಿ ಕಳಿಸುತ್ತಿದ್ದಾಗ, ಒಳಗಿನಿಂದ ತಾಯಿಯ ಬೈಗುಳ ಓಣಿಯ ಕೊನೆಯವರೆಗೂ ಕೇಳುತ್ತಿತ್ತು.